ಮನೆಯ ಫ್ಲೈಟ್ ಸಿಮ್ಯುಲೇಟರ್‌ಗೆ ಮಡಚುವ ಸ್ಟ್ಯಾಂಡ್: ಮಂಗಳೂರಿನ ಮೂರು ಮಳೆಗಾಲ ಕಂಡ ಮೇಲೆ

ಲ್ಯಾಂಡಿಂಗ್ ಹೊತ್ತಿಗೆ ವಿಮಾನದ ಮೂಗು ಮೇಲೆ ಕೆಳಗೆ ಓಲಾಡಿದರೆ ಹೆಚ್ಚಿನವರು ಮೊದಲು ಕೈಹಾಕುವುದು ಸಾಫ್ಟ್‌ವೇರಿನ ಸೆನ್ಸಿಟಿವಿಟಿ ಕರ್ವಿಗೆ (ಕೈಯ ಚಲನೆಗೆ ವಿಮಾನ ಎಷ್ಟು ಸ್ಪಂದಿಸಬೇಕು ಎಂಬ ಗೆರೆ). ಆಮೇಲೆ ಡೆಡ್‌ಝೋನ್ ಹೆಚ್ಚಿಸುತ್ತಾರೆ, ಅಂದರೆ ನಡುಬಿಂದುವಿನ ಸಣ್ಣ ಚಲನೆಗೆ ಸಿಮ್ಯುಲೇಟರ್ ಸ್ಪಂದಿಸದಂತೆ ಮಾಡುತ್ತಾರೆ. ಅದಕ್ಕೂ ಮೊದಲು ಒಂದು ಪರೀಕ್ಷೆ ಮಾಡಿ. ವಿಂಡೋಸ್ ಕೀ ಜೊತೆ ಆರ್ ಒತ್ತಿ, 'ಜಾಯ್ ಡಾಟ್ ಸಿಪಿಎಲ್' ತೆರೆದು, ಯೋಕ್ (ವಿಮಾನ ನಡೆಸುವ ಹಿಡಿಕೆ) ಮುಟ್ಟದೆ ಪರದೆಯ ಗುರುತನ್ನು ನೋಡಿ. ಯಾರೂ ಮುಟ್ಟದಿದ್ದರೂ ಅದು ನಡುಗುತ್ತಿದ್ದರೆ ದೋಷ ಸೆನ್ಸರಿನದು. ಅದು ನಿಂತಲ್ಲೇ ನಿಂತಿದ್ದು, ಯೋಕ್ ಹಿಡಿದು ಮೆಲ್ಲ ಎಳೆದಾಗ ಗುರುತಿಗಿಂತ ಮೊದಲು ಸ್ಟ್ಯಾಂಡೇ ನಿಮ್ಮ ಕಡೆಗೆ ಬಾಗಿದರೆ, ಯಾವ ಕರ್ವ್ ಹಾಕಿದರೂ ಪ್ರಯೋಜನವಿಲ್ಲ. ಸ್ಟ್ಯಾಂಡ್ ಗಟ್ಟಿಯಾಗುವವರೆಗೆ ಸಾಫ್ಟ್‌ವೇರ್ ಸೆಟ್ಟಿಂಗ್ ಮುಟ್ಟಬಾರದು ಎಂಬುದು ಈ ವಿಮರ್ಶೆಯ ಮುಖ್ಯ ಮಾತು.

ಇಲ್ಲಿ ಹೇಳುತ್ತಿರುವುದು ನಡುವೆ ಒಂದೇ ಕಂಬವಿರುವ, ಉಕ್ಕಿನ, ಪೌಡರ್ ಕೋಟಿಂಗ್ ಮಾಡಿದ ಮಡಚುವ ಸ್ಟ್ಯಾಂಡಿನ ಬಗ್ಗೆ. ಇದೇ ವಿನ್ಯಾಸ ಹಲವು ಹೆಸರುಗಳಲ್ಲಿ ಮಾರಾಟವಾಗುತ್ತದೆ. ಮೇಲೆ ಯೋಕ್ ಅಥವಾ ಸ್ಟಿಕ್ ಕೂರುವ ತಟ್ಟೆ, ಪಕ್ಕಕ್ಕೆ ಥ್ರಾಟಲ್‌ಗೆ (ಎಂಜಿನ್ ಶಕ್ತಿಯ ಹಿಡಿಕೆ) ಸಣ್ಣ ತಟ್ಟೆ, ಕೆಳಗೆ ರಡರ್ ಪೆಡಲಿಗೆ (ಮೂಗನ್ನು ಎಡಬಲಕ್ಕೆ ತಿರುಗಿಸುವ ಕಾಲುಪೆಡಲ್) ಓರೆಯಾದ ತಟ್ಟೆ. ಮೇಲಿನ ತಟ್ಟೆಯ ದಪ್ಪ 3 ಮಿ.ಮೀ. ಎತ್ತರವನ್ನು ಒಂದೇ ಒಂದು ಕೈತಿರುಪು ಹಿಡಿದು ನಿಲ್ಲಿಸುತ್ತದೆ. ಜೋಡಿಸಲು 5 ಮತ್ತು 6 ಮಿ.ಮೀ. ಅಲೆನ್ ಕೀ, 10 ಮತ್ತು 13ರ ಸ್ಪ್ಯಾನರ್ ಸಾಕು, ಅರ್ಧ ಗಂಟೆಯ ಕೆಲಸ. ಬೋಲ್ಟುಗಳನ್ನು ಮೊದಲು ಕೈಯಲ್ಲೇ ತಿರುಗಿಸಿ ಎಲ್ಲವನ್ನೂ ಸಡಿಲವಾಗಿ ಕೂರಿಸಿ, ನೆಲದ ಮೇಲೆ ನಾಲ್ಕೂ ಕಾಲು ಸಮವಾಗಿ ಊರಿದ ಮೇಲೆ ಬಿಗಿಯಿರಿ. ಒಂದೊಂದೇ ಬೋಲ್ಟನ್ನು ಪೂರ್ತಿ ಬಿಗಿದುಕೊಂಡು ಹೋದರೆ ಚೌಕಟ್ಟು ತಿರುಚಿಕೊಂಡು ಒಂದು ಕಾಲು ಎತ್ತಿ ನಿಲ್ಲುತ್ತದೆ.

ಮೊದಲ ದೊಡ್ಡ ತೊಂದರೆ ಮೇಲಿನ ತಟ್ಟೆ ಬಾಗುವುದು. ಯೋಕ್ ಪೂರ್ತಿ ಎಳೆದಾಗ ತಟ್ಟೆಯ ಅಂಚು ಸುಮಾರು 6 ಮಿ.ಮೀ. ಏರಿಳಿಯುತ್ತಿತ್ತು. ಇಷ್ಟೇ ಅಲ್ಲವೇ ಎನ್ನಿಸಬಹುದು. ಆದರೆ ಸ್ಪ್ರಿಂಗ್ ಇರುವ ಯೋಕ್‌ಗಳಲ್ಲಿ ನಡುಬಿಂದುವಿನಿಂದ ಹೊರಡಲು ಸ್ವಲ್ಪ ಹೆಚ್ಚಿನ ಬಲ ಬೇಕು. ಆ ಬಲಕ್ಕೆ ಮೊದಲು ಬಾಗುವುದು ತಟ್ಟೆ. ಹಾಗಾಗಿ ನೀವು ಕೊಟ್ಟ ಸಣ್ಣ ತಿದ್ದುಪಡಿಯನ್ನು ತಟ್ಟೆ ನುಂಗಿಬಿಡುತ್ತದೆ. ಇನ್ನೂ ಸ್ವಲ್ಪ ಎಳೆದಾಗ ಯೋಕ್ ಒಮ್ಮೆಲೇ ನಡುಬಿಂದು ದಾಟಿ ಬೇಕಾದ್ದಕ್ಕಿಂತ ಹೆಚ್ಚು ಬರುತ್ತದೆ. ಮೂಗು ಏರುತ್ತದೆ, ನೀವು ತಳ್ಳುತ್ತೀರಿ, ಅದೇ ಕತೆ ಎದುರು ದಿಕ್ಕಿನಲ್ಲಿ. ಇದರ ಮೇಲೆ ಡೆಡ್‌ಝೋನ್ ಸೇರಿಸಿದರೆ ಉರಿಯುವ ಬೆಂಕಿಗೆ ತುಪ್ಪ.

ಪರಿಹಾರ ಅಗ್ಗದ್ದು: 12 ಮಿ.ಮೀ. ಮರೀನ್ ಪ್ಲೈವುಡ್, ಐಎಸ್ 710 ಎಂಬ ಮುದ್ರೆ ಇರುವಂಥದ್ದು. ತಟ್ಟೆಯ ಅಳತೆಗೇ ಕತ್ತರಿಸಿ ಮೇಲೆ ಕೂರಿಸಿ, ನಾಲ್ಕು ಮೂಲೆಗೆ 6.5 ಮಿ.ಮೀ. ತೂತು ಕೊರೆದು ಎಂ6 x 25 ಅಳತೆಯ ಕೌಂಟರ್‌ಸಂಕ್ ಬೋಲ್ಟ್, ಕೆಳಗಿನಿಂದ ಅಗಲ ವಾಷರ್ ಮತ್ತು ನೈಲಾಕ್ ನಟ್ (ತಾನಾಗಿ ಸಡಿಲವಾಗದ್ದು) ಹಾಕಿ. ಬೋಲ್ಟಿನ ತಲೆ ಹಲಗೆಯೊಳಗೆ ಮುಳುಗಿರಬೇಕು, ಇಲ್ಲವಾದರೆ ಯೋಕ್ ಓರೆಯಾಗಿ ಕೂರುತ್ತದೆ. ಕತ್ತರಿಸಿದ ಅಂಚುಗಳಿಗೆ ಎರಡು ಕೈ ವಾರ್ನಿಶ್ ಕೊಡುವುದನ್ನು ಮರೆಯಬೇಡಿ, ಪ್ಲೈವುಡ್ ನೀರು ಕುಡಿಯುವುದೇ ಅಂಚಿನಿಂದ. ಉಕ್ಕಿಗಿಂತ ಮರ ಗಟ್ಟಿಯೇ ಎಂದು ಅಚ್ಚರಿ ಪಡುವುದು ಬೇಡ. ಬಾಗದೆ ನಿಲ್ಲುವ ಗುಣ ದಪ್ಪದ ಘನಕ್ಕೆ ತಕ್ಕಂತೆ ಏರುತ್ತದೆ. 12 ಅಂದರೆ 3ರ ನಾಲ್ಕು ಪಟ್ಟು, ಅದರ ಘನ 64. ಪ್ಲೈವುಡ್ ಉಕ್ಕಿಗಿಂತ ಸುಮಾರು 25 ಪಟ್ಟು ಮೆತ್ತಗಿದ್ದರೂ ಲೆಕ್ಕದಲ್ಲಿ ಗೆಲ್ಲುತ್ತದೆ. ಹಲಗೆ ಹಾಕಿದ ಮೇಲೆ ಅಂಚಿನ ಚಲನೆ 2 ಮಿ.ಮೀ.ಗೆ ಇಳಿಯಿತು. ಯೋಕಿನ ಕ್ಲ್ಯಾಂಪ್ ಕೂಡ ನುಣುಪಾದ ಬಣ್ಣದ ಮೇಲೆ ಜಾರುವುದು ಬಿಟ್ಟು ಮರವನ್ನು ಕಚ್ಚಿ ಹಿಡಿಯುತ್ತದೆ.

ಎರಡನೆಯದು ಕಂಬ. ಒಳಗಿನ ಕೊಳವೆಗೂ ಹೊರಗಿನದಕ್ಕೂ ನಡುವೆ ಸಂದು ಇರುತ್ತದೆ. ಕೈತಿರುಪು ಒಳಕೊಳವೆಯನ್ನು ಎದುರಿನ ಗೋಡೆಗೆ ಒತ್ತುತ್ತದೆಯೇ ಹೊರತು ಪಕ್ಕಗಳ ಸಂದು ಹಾಗೇ ಉಳಿಯುತ್ತದೆ. ಐಲೆರಾನ್‌ಗಾಗಿ (ರೆಕ್ಕೆ ಎಡಬಲಕ್ಕೆ ವಾಲಿಸಲು) ಯೋಕ್ ತಿರುಗಿಸಿದಾಗ ಇಡೀ ತಟ್ಟೆ ಎಡಬಲಕ್ಕೆ ತೂಗುವುದು ಇದರಿಂದಲೇ. ಕೈತಿರುಪನ್ನು ಇನ್ನಷ್ಟು ಬಿಗಿದರೆ ಕೊಳವೆ ನಗ್ಗುತ್ತದೆ, ತೂಗಾಟ ನಿಲ್ಲುವುದಿಲ್ಲ. ಹಳೆಯ ಎಕ್ಸ್‌ರೇ ಫಿಲ್ಮನ್ನು ಬೆರಳಗಲದ ಪಟ್ಟಿಗಳಾಗಿ ಕತ್ತರಿಸಿ, ಕೈತಿರುಪಿನ ಎಡಕ್ಕೂ ಬಲಕ್ಕೂ ಸಂದಿನೊಳಗೆ ಇಳಿಸಿ, ತಳ್ಳಲು ಸ್ವಲ್ಪ ಬಿಗಿ ಎನ್ನಿಸುವವರೆಗೆ ಒಂದರ ಮೇಲೊಂದು ಸೇರಿಸಿ. ತಂಪು ಪಾನೀಯದ ಡಬ್ಬಿಯ ತಗಡು ಬಳಸುವ ಸಲಹೆಯೂ ಓಡಾಡುತ್ತದೆ, ಕರಾವಳಿಯಲ್ಲಿ ಅದು ಬೇಡ. ಉಪ್ಪಿನ ತೇವದಲ್ಲಿ ಅಲ್ಯೂಮಿನಿಯಂ ಮತ್ತು ಉಕ್ಕು ತಾಗಿಕೊಂಡಿದ್ದರೆ ಅಲ್ಯೂಮಿನಿಯಂ ಬೇಗ ಸವೆದು ಬಿಳಿ ಪುಡಿಯಾಗಿ, ಕೊಳವೆಗಳೆರಡೂ ಒಂದಕ್ಕೊಂದು ಹಿಡಿದುಕೊಂಡುಬಿಡುತ್ತವೆ.

ಎತ್ತರ ಒಮ್ಮೆ ಗೊತ್ತಾದ ಮೇಲೆ (ಭುಜ ಎತ್ತದೆ, ಮೊಣಕೈ ಸುಮಾರು ಲಂಬಕೋನದಲ್ಲಿರುವಂತೆ) ಎರಡೂ ಕೊಳವೆಗೆ ಆರಪಾರ 8.5 ಮಿ.ಮೀ. ತೂತು ಹಾಕಿ ಎಂ8 ಬೋಲ್ಟ್ ತೂರಿಸುವುದು ಶಾಶ್ವತ ಪರಿಹಾರ. ಸ್ಟ್ಯಾಂಡ್ ಮಡಚುವಾಗ ಒಂದು ಬೋಲ್ಟ್ ತೆಗೆಯಬೇಕಾಗುತ್ತದೆ, ಅಷ್ಟೇ.

ವಿಟ್ರಿಫೈಡ್ ಟೈಲ್ಸ್ ಮೇಲೆ ಕಾಲಿನ ಪ್ಲಾಸ್ಟಿಕ್ ಬುಷ್ ಜಾರುತ್ತದೆ. 6 ಮಿ.ಮೀ. ರಬ್ಬರ್ ಹಾಸು ಹಾಕಿದರೆ ಸ್ಟ್ಯಾಂಡ್ ನಿಲ್ಲುತ್ತದೆ, ಆದರೆ ಆಗ ಕುರ್ಚಿ ಹಿಂದೆ ಓಡುತ್ತದೆ! ಟೋ ಬ್ರೇಕ್ (ಪೆಡಲಿನ ಮೇಲ್ತುದಿಯ ಬ್ರೇಕ್) ಒತ್ತಿದಷ್ಟೂ ಚಕ್ರದ ಕುರ್ಚಿ ಹಿಂದಕ್ಕೆ ಸರಿಯುವುದು ಸಹಜ. ಆಫೀಸ್ ಕುರ್ಚಿಗಳ ಚಕ್ರದ ಕಡ್ಡಿ ಸಾಮಾನ್ಯವಾಗಿ 11 ಮಿ.ಮೀ. ಇರುತ್ತದೆ. ಅದೇ ಅಳತೆಯ, ಚಕ್ರವಿಲ್ಲದ ಬುಷ್ ಹಾಕಿ. ಇಲ್ಲವೆಂದರೆ ಬ್ಯಾಗಿನ ನೈಲಾನ್ ಪಟ್ಟಿ ಮತ್ತು ಬಕಲ್‌ನಿಂದ ಕುರ್ಚಿಯ ಬುಡವನ್ನು ಸ್ಟ್ಯಾಂಡಿನ ಕಾಲಿಗೆ ಕಟ್ಟಿ. ಪೆಡಲ್ ದೂರ: ಒಂದು ಪೆಡಲ್ ಕೊನೆಯವರೆಗೆ ಒತ್ತಿದಾಗಲೂ ಮೊಣಕಾಲು ಸ್ವಲ್ಪ ಮಡಚಿರಬೇಕು.

ಇನ್ನು ತುಕ್ಕು. ವರ್ಷಕ್ಕೆ ಮೂರೂವರೆ ಸಾವಿರ ಮಿ.ಮೀ. ಮಳೆ ಸುರಿಯುವ, ಕಡಲ ಗಾಳಿ ಮನೆಯೊಳಗೇ ಓಡಾಡುವ ಊರಿನಲ್ಲಿ ಇದನ್ನು ಯಾವ ಪೆಟ್ಟಿಗೆಯ ಮೇಲೂ ಬರೆದಿರುವುದಿಲ್ಲ. ಪೌಡರ್ ಕೋಟಿಂಗ್ ಬಯಲಿನಲ್ಲಿ ಚೆನ್ನಾಗಿಯೇ ಬಾಳಿದೆ. ಕೆಟ್ಟದ್ದು ಮೂರು ಕಡೆ: ಅಲೆನ್ ಕೀ ಗೀರಿದ ಬೋಲ್ಟಿನ ತಲೆ, ತೂತುಗಳ ಅಂಚು, ಮತ್ತು ಕಾಲಿನ ಕೊಳವೆಯ ತುದಿಗೆ ಹಾಕಿದ ಪ್ಲಾಸ್ಟಿಕ್ ಬಿರಡೆಯ ಒಳಗೆ. ಸತುವಿನ ಲೇಪವಿರುವ ಬೋಲ್ಟಿನ ಮೇಲೆ ಮೊದಲು ಬಿಳಿ ಪುಡಿ ಕಾಣುತ್ತದೆ, ಮುಂದಿನ ಆಟಿ ತಿಂಗಳಿಗೆ (ಜುಲೈ-ಆಗಸ್ಟ್) ಅದು ಕಂದು ಬಣ್ಣಕ್ಕೆ ತಿರುಗಿರುತ್ತದೆ. ಬಿಳಿ ಪುಡಿ ಕಂಡಾಗಲೇ ಬದಲಿಸಿ. ಬಂದರು ಪ್ರದೇಶದ ಹಾರ್ಡ್‌ವೇರ್ ಅಂಗಡಿಗಳಲ್ಲಿ 316 ದರ್ಜೆಯ ಸ್ಟೀಲ್ ಬೋಲ್ಟ್ ಕೇಳಿ. 304 ಸಹ ನಡೆಯುತ್ತದೆ, ಉಪ್ಪಿಗೆ 316 ಮೇಲು. ಒಂದು ಎಚ್ಚರಿಕೆ: ಸ್ಟೇನ್‌ಲೆಸ್ ಬೋಲ್ಟಿಗೆ ಸ್ಟೇನ್‌ಲೆಸ್ ನಟ್ಟನ್ನು ಒಣಗಿದಂತೆಯೇ ವೇಗವಾಗಿ ಬಿಗಿದರೆ ಎಳೆಗಳು ಕಚ್ಚಿಕೊಂಡು ಬೆಸುಗೆಯಂತೆ ಹಿಡಿಯುತ್ತವೆ, ಗರಗಸವೇ ಗತಿ. ಎಳೆಗಳಿಗೆ ಸ್ವಲ್ಪ ಗ್ರೀಸ್ ಸವರಿ ನಿಧಾನ ತಿರುಗಿಸಿ. ತೆಂಗಿನೆಣ್ಣೆ ಬೇಡ. ನಮ್ಮ ಮನೆಗಳಲ್ಲಿ ಅದು ಎಲ್ಲಕ್ಕೂ ಮದ್ದು, ಆದರೆ ಕೆಲವು ತಿಂಗಳಲ್ಲಿ ಅಂಟಾಗಿ ಧೂಳು ಹಿಡಿಯುತ್ತದೆ. ಕೊರೆದ ತೂತುಗಳ ಅಂಚಿಗೆ ರೆಡ್ ಆಕ್ಸೈಡ್ ಪ್ರೈಮರ್ ಹಚ್ಚಿ, ಮಳೆಗಾಲಕ್ಕೆ ಮುನ್ನ ಮೇ ತಿಂಗಳಲ್ಲಿ ಬಿರಡೆ ತೆಗೆದು ಒಳಗೆ ಒರೆಸಿ.

ಕಂಟ್ರೋಲರ್‌ಗಳಿಗೆ ಪ್ಲಾಸ್ಟಿಕ್ ಹೊದಿಕೆ ಹಾಕಿ ಕಟ್ಟಿಡಬೇಡಿ, ಒಳಗೆ ಬೂಸ್ಟು ಬರುತ್ತದೆ. ಹತ್ತಿ ಬಟ್ಟೆ ಸಾಕು. ಪೊಟೆನ್ಶಿಯೋಮೀಟರ್ (ಪಟ್ಟಿಯ ಮೇಲೆ ಉಜ್ಜಿಕೊಂಡು ಚಲನೆ ಅಳೆಯುವ ಸೆನ್ಸರ್) ಇರುವ ಯೋಕ್ ಮತ್ತು ಪೆಡಲುಗಳನ್ನು ಬಳಸದ ವಾರಗಳಲ್ಲೂ ಪ್ರತಿ ಅಕ್ಷವನ್ನು ಕೊನೆಯಿಂದ ಕೊನೆಗೆ ಇಪ್ಪತ್ತು ಸಲ ಆಡಿಸಿ. ಒಳಗಿನ ಪಟ್ಟಿ ಉಜ್ಜಿ ಶುಚಿಯಾಗುತ್ತದೆ. ಥ್ರಸ್ಟ್‌ಮಾಸ್ಟರ್ ಟಿ.16000ಎಂ ಸ್ಟಿಕ್ಕಿನ ಮುಖ್ಯ ಎರಡು ಅಕ್ಷಗಳಲ್ಲಿ ಹಾಲ್ ಸೆನ್ಸರ್ (ಆಯಸ್ಕಾಂತದಿಂದ, ಮುಟ್ಟದೆ ಅಳೆಯುವುದು) ಇರುವುದರಿಂದ ಅಲ್ಲಿ ಉಜ್ಜುವ ಭಾಗವೇ ಇಲ್ಲ, ತೇವದ ಊರಿಗೆ ಅದು ಒಳ್ಳೆಯ ಆಯ್ಕೆ. ಹಾರಾಟದ ನಡುವೆ ಸಾಧನವೊಂದು ಕಾಣೆಯಾದರೆ ವಿಂಡೋಸ್ ಪವರ್ ಆಯ್ಕೆಗಳಲ್ಲಿ ಯುಎಸ್‌ಬಿ ಸೆಲೆಕ್ಟಿವ್ ಸಸ್ಪೆಂಡ್ ಆಫ್ ಮಾಡಿ.

ಸ್ಟ್ಯಾಂಡ್ ಎಷ್ಟು ಸರಿಹೋಗಿದೆ ಎಂದು ತಿಳಿಯಲು ನಮ್ಮ ಬಜ್ಪೆ ವಿಮಾನ ನಿಲ್ದಾಣಕ್ಕಿಂತ ಒಳ್ಳೆಯ ಪರೀಕ್ಷಾಕೇಂದ್ರ ಬೇಕಿಲ್ಲ. ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್ ಆಗಲಿ ಎಕ್ಸ್-ಪ್ಲೇನ್ 12 ಆಗಲಿ, ಸೆಸ್ನಾ 172 (ಒಂದೇ ಎಂಜಿನ್ನಿನ ಸಣ್ಣ ವಿಮಾನ) ಆರಿಸಿ, ಗಾಳಿಯನ್ನು 270 ಡಿಗ್ರಿಯಿಂದ 20 ನಾಟ್ ಎಂದು ಕೊಟ್ಟು ರನ್‌ವೇ 24ಕ್ಕೆ (ಅಂದರೆ ಸುಮಾರು 240 ಡಿಗ್ರಿ ದಿಕ್ಕಿನದು) ಇಳಿಸಿ. ಮಳೆಗಾಲದ ಪಡುಗಾಳಿಯ ದಿಕ್ಕು ಹೆಚ್ಚುಕಡಿಮೆ ಇದೇ. ಗಾಳಿ ರನ್‌ವೇಗೆ ಸುಮಾರು 30 ಡಿಗ್ರಿ ಓರೆ, ಅಂದರೆ ಅಡ್ಡಗಾಳಿ 10 ನಾಟ್. 172ರ ಕೈಪಿಡಿ ಹೇಳುವ 15 ನಾಟ್ ಒಳಗೇ ಇದೆ. ರನ್‌ವೇ 2450 ಮೀಟರ್ ಉದ್ದವಿದ್ದರೂ ಗುಡ್ಡದ ತಲೆಯ ಮೇಲಿದೆ, ಮುಂಚೆಯೇ ಇಳಿದರೆ ಕೆಳಗೆ ಕಣಿವೆ. ಕೊನೆಯ ಅರ್ಧ ನಿಮಿಷ ಬಲ ರೆಕ್ಕೆ ತಗ್ಗಿಸಿ, ಎಡ ಪೆಡಲ್ ಒತ್ತಿ ಹಿಡಿಯಬೇಕು. ಹೀಗೆ ಒಂದೇ ಸಮನೆ ಹಿಡಿಯುವಾಗಲೇ ಸ್ಟ್ಯಾಂಡಿನ ಬಣ್ಣ ಬಯಲಾಗುವುದು: ಪೆಡಲ್ ತಟ್ಟೆ ಎಡಕ್ಕೆ ತಿರುಚುತ್ತದೆಯೇ, ಕಂಬ ತಿರುಗುತ್ತದೆಯೇ, ಕೈ ತಾನಾಗಿ ಕೆಳಗಿಳಿಯುತ್ತದೆಯೇ. ಮೂರೂ ಇಲ್ಲವಾದರೆ ಈಗ ಕರ್ವ್ ತೆರೆಯಿರಿ. ಹೆಚ್ಚಿನವರಿಗೆ ನೇರ ಗೆರೆಯೇ ಸಾಕಾದೀತು.

ಕೋಣೆಯನ್ನು ಬೇರೆ ಕೆಲಸಕ್ಕೂ ಬಳಸುವವರಿಗೆ, ಮಡಚಿ ಬಾಗಿಲ ಹಿಂದೆ ಇಡಬೇಕಾದವರಿಗೆ ಈ ಸ್ಟ್ಯಾಂಡ್ ಧೈರ್ಯವಾಗಿ ಹೇಳಬಹುದಾದದ್ದು, ಹಲಗೆ ಮತ್ತು ಬೋಲ್ಟಿನ ಖರ್ಚು ಸೇರಿಸಿಕೊಂಡೇ ಲೆಕ್ಕ ಹಾಕಿ. ಒಂದೇ ಜಾಗದಲ್ಲಿ ಇಡುವವರಾದರೆ ಬೈಕಂಪಾಡಿ ಕಡೆಯ ವೆಲ್ಡಿಂಗ್ ಶಾಪಿನಲ್ಲಿ 40 x 40 ಚೌಕ ಪೈಪಿನಿಂದ, 2 ಮಿ.ಮೀ. ದಪ್ಪದ್ದು, ಎರಡು ಕಂಬದ ಚೌಕಟ್ಟು ಮಾಡಿಸುವುದೇ ಲೇಸು. ಎರಡು ಕಂಬವಿದ್ದರೆ ತೂಗಾಟದ ಮಾತೇ ಬರುವುದಿಲ್ಲ.

ಬಗೆಹರಿಯದೆ ಉಳಿದದ್ದು ಒಂದೇ, ಥ್ರಾಟಲ್‌ನ ಪಕ್ಕದ ತಟ್ಟೆ. ಒಂದೇ ತೋಳಿನ ಮೇಲೆ ನಿಂತಿರುವುದರಿಂದ ಭಾರದ ಕ್ವಾಡ್ರಂಟ್ (ಥ್ರಾಟಲ್ ಹಿಡಿಕೆಗಳ ಪೆಟ್ಟಿಗೆ) ಇಟ್ಟರೆ ತುದಿ ಜೋಲುತ್ತದೆ. ಕೆಳಗೆ ಎಲ್ ಬ್ರಾಕೆಟ್ ಕೊಟ್ಟರೆ ಅದು ಮೊಣಕಾಲಿಗೆ ತಾಗುತ್ತದೆ, ಕೊಡದಿದ್ದರೆ ತಿಂಗಳಿಗೊಮ್ಮೆ ಬೋಲ್ಟ್ ಬಿಗಿಯಬೇಕು. ಸದ್ಯಕ್ಕೆ ಬಿಗಿಯುವುದೇ ನಡೆದಿದೆ.