ಹೆಸರು ಬರೆಯದ ಗಿಡಮೂಲಿಕೆ ಪುಡಿ: ವಾರ್ಫರಿನ್ ತೆಗೆದುಕೊಳ್ಳುವವರಿಗೆ ಒಂದು ಎಚ್ಚರಿಕೆ

ಸಿಂಗಾಪುರದಲ್ಲಿ ನೆಲೆಸಿ, ಲೂಪಸ್‌ನಂಥ (ದೇಹದ ರೋಗನಿರೋಧಕ ಶಕ್ತಿ ದೇಹದ ಮೇಲೆಯೇ ತಿರುಗಿಬೀಳುವ) ದೀರ್ಘಕಾಲದ ಕಾಯಿಲೆಯೊಡನೆ ಬದುಕುತ್ತಿರುವ ಕನ್ನಡಿಗರು, ಅದರಲ್ಲೂ ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ನುಂಗುತ್ತಿರುವವರು, ಚೀನೀ ಸಾಂಪ್ರದಾಯಿಕ ವೈದ್ಯರ ಬಳಿಗೆ ಹೋಗುವ ಮುನ್ನ ದಯವಿಟ್ಟು ಇದನ್ನು ಓದಬೇಕು.

ನನಗೆ ಲೂಪಸ್ ಜೊತೆಗೆ, ರಕ್ತ ಬೇಗ ಹೆಪ್ಪುಗಟ್ಟುವಂತೆ ಮಾಡುವ ಆ್ಯಂಟಿಫಾಸ್ಫೋಲಿಪಿಡ್ ಸಿಂಡ್ರೋಮ್ ಕೂಡ ಇದೆ. ಕಾಲಿನ ರಕ್ತನಾಳದಲ್ಲಿ ಹೆಪ್ಪು ಕಾಣಿಸಿಕೊಂಡಂದಿನಿಂದ ವಾರ್ಫರಿನ್ ತಪ್ಪಿಸುವಂತಿಲ್ಲ. ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆಂದು ತೋರಿಸುವ ಐಎನ್‌ಆರ್ ಎಂಬ ಅಳತೆ (ಹೆಚ್ಚಿದಷ್ಟೂ ರಕ್ತಸ್ರಾವದ ಅಪಾಯ) 2ರಿಂದ 3ರೊಳಗೆ ಇರಬೇಕೆಂದು ಆಸ್ಪತ್ರೆಯವರು ನಿಗದಿಪಡಿಸಿದ್ದಾರೆ. ಇಷ್ಟು ಮಾತ್ರೆಗಳ ನಡುವೆಯೂ ಕೀಲುನೋವು, ಸುಸ್ತು ಬಿಡಲಿಲ್ಲ. ರಿಪೋರ್ಟ್ ಸರಿಯಿದೆ ಎಂಬ ಮಾತನ್ನಷ್ಟೇ ಕೇಳಿ ಬೇಸತ್ತವರಿಗೆ, ನಾಡಿ ಹಿಡಿದು, ನಾಲಿಗೆ ನೋಡಿ, ನಿದ್ದೆ ಹಸಿವುಗಳನ್ನು ಸಾವಧಾನವಾಗಿ ವಿಚಾರಿಸುವ ವೈದ್ಯರ ಮೇಲೆ ನಂಬಿಕೆ ಹುಟ್ಟುವುದು ಸಹಜ. ಕಷಾಯ ಕುಡಿದು ಬೆಳೆದ ನಮಗೆ ಗಿಡಮೂಲಿಕೆಯ ಬಗ್ಗೆ ಅನುಮಾನವೂ ಬರುವುದಿಲ್ಲ.

ಅಂಥ ಒಬ್ಬ ಚೀನೀ ಸಾಂಪ್ರದಾಯಿಕ ವೈದ್ಯರ ಬಳಿಗೆ ನಾನೂ ಹೋದೆ. ಅಲ್ಲಿ ನನ್ನ ಔಷಧಗಳ ಪಟ್ಟಿಯನ್ನು ಮುಂದಿಟ್ಟು, ವಾರ್ಫರಿನ್ ಹೆಸರನ್ನು ಬೆರಳಿಟ್ಟು ತೋರಿಸಿದೆ. ಗಿಡಮೂಲಿಕೆಗೂ ಮಾತ್ರೆಗೂ ಎರಡು ಗಂಟೆ ಅಂತರವಿದ್ದರೆ ಸಾಕು ಎಂಬ ಉತ್ತರ ಬಂತು. ಕೊಟ್ಟ ಕಂದು ಪುಡಿಯ ಪೊಟ್ಟಣಗಳ ಮೇಲೆ ಬೆಳಿಗ್ಗೆ, ರಾತ್ರಿ ಎಂಬುದನ್ನು ಬಿಟ್ಟು ಬೇರೇನೂ ಇರಲಿಲ್ಲ. ಕೆಲವು ವಾರಗಳಲ್ಲಿ ಹಲ್ಲುಜ್ಜುವಾಗ ವಸಡಿನಿಂದ ರಕ್ತ ಬರತೊಡಗಿತು. ಎಲ್ಲೂ ತಗುಲಿಸಿಕೊಳ್ಳದಿದ್ದರೂ ಮುಂಗೈಯಲ್ಲಿ ನೇರಳೆ ಕಲೆಗಳೆದ್ದವು. ಪರೀಕ್ಷೆ ಮಾಡಿಸಿದಾಗ ಐಎನ್‌ಆರ್ 5 ದಾಟಿತ್ತು.

ತುರ್ತು ವಿಭಾಗದ ವೈದ್ಯರು ಮೊದಲು ಕೇಳಿದ್ದೇ ಪುಡಿಯಲ್ಲಿ ಏನಿದೆ ಎಂದು. ಚಿಕಿತ್ಸಾಲಯಕ್ಕೆ ಫೋನ್ ಮಾಡಿದರೆ, ಅದು ತಮ್ಮದೇ ಔಷಧ ಮಿಶ್ರಣ, ಹೇಳಲಾಗದು ಎಂದರು. ನಾನು ರಕ್ತಸ್ರಾವದ ಅಪಾಯದಲ್ಲಿ ಮಲಗಿರುವಾಗ ಹೇಳಿದ ಆ ಮಾತನ್ನು ಈಗಲೂ ಕ್ಷಮಿಸಲಾರೆ. ಆಸ್ಪತ್ರೆಯವರೇ ಒತ್ತಾಯಿಸಿದ ಬಳಿಕ ಪಟ್ಟಿ ಬಂತು: ಅದರಲ್ಲಿ ದಾನ್‌ಶೆನ್ ಮತ್ತು ದಾಂಗ್‌ಗುಯ್ ಎಂಬ ಚೀನೀ ಮೂಲಿಕೆಗಳಿದ್ದವು. ಎರಡೂ ವಾರ್ಫರಿನ್‌ನ ಪರಿಣಾಮವನ್ನು ಹೆಚ್ಚಿಸಬಲ್ಲವು ಎಂಬುದು ವೈದ್ಯಕೀಯ ಸಾಹಿತ್ಯದಲ್ಲಿ ಬಹುಕಾಲದಿಂದ ದಾಖಲಾಗಿರುವ ಸಂಗತಿ. ಗಂಟೆಗಳ ಅಂತರದಿಂದ ಅದು ತಪ್ಪುವುದಿಲ್ಲ, ಏಕೆಂದರೆ ವಾರ್ಫರಿನ್ ದಿನಗಟ್ಟಲೆ ದೇಹದಲ್ಲಿ ಉಳಿಯುತ್ತದೆ.

ಹೆಸರು ತಿಳಿಯದೆ ಸೇವಿಸುವುದರ ಅಪಾಯ ವಾರ್ಫರಿನ್‌ಗಷ್ಟೇ ಸೀಮಿತವಲ್ಲ. 1990ರ ದಶಕದ ಆರಂಭದಲ್ಲಿ ಬ್ರಸೆಲ್ಸ್‌ನಲ್ಲಿ ತೂಕ ಇಳಿಸಲು ಕೊಟ್ಟ ಚೀನೀ ಮೂಲಿಕೆಯ ಜಾಗದಲ್ಲಿ ಅರಿಸ್ಟೊಲೋಕಿಯಾ ಜಾತಿಯ ಗಿಡ ಸೇರಿಹೋಗಿ, ಅನೇಕ ಮಹಿಳೆಯರ ಮೂತ್ರಪಿಂಡಗಳು ಹಾಳಾದವು. ಲೂಪಸ್ ಇರುವವರ ಮೂತ್ರಪಿಂಡಗಳಿಗೆ ಮೊದಲೇ ಅಪಾಯವಿರುವುದರಿಂದ ಇದನ್ನು ಹಗುರವಾಗಿ ಕಾಣುವಂತಿಲ್ಲ.

ಸಿಂಗಾಪುರದಲ್ಲಿ ಚೀನೀ ಸಾಂಪ್ರದಾಯಿಕ ವೈದ್ಯರು ಕಾನೂನಿನ ಪ್ರಕಾರ ನೋಂದಾಯಿತರಾಗಿರಬೇಕು, ಅವರ ಪಟ್ಟಿಯನ್ನು ಯಾರು ಬೇಕಾದರೂ ನೋಡಬಹುದು. ಆದರೆ ನನಗೆ ಪುಡಿ ಕೊಟ್ಟವರೂ ನೋಂದಾಯಿತರೇ. ಆದ್ದರಿಂದ ಪ್ರತಿಯೊಂದು ಮೂಲಿಕೆಯ ಹೆಸರು ಮತ್ತು ಪ್ರಮಾಣವನ್ನು ಬರೆದುಕೊಡಲು ಒಪ್ಪದವರಿಂದ ಏನನ್ನೂ ತೆಗೆದುಕೊಳ್ಳಬೇಡಿ. ಬರೆದುಕೊಟ್ಟ ಚೀಟಿಯನ್ನು ನಿಮ್ಮ ಆಸ್ಪತ್ರೆಯ ಔಷಧತಜ್ಞರಿಗೆ ತೋರಿಸಿದ ನಂತರವೇ ಆರಂಭಿಸಿ. ರಕ್ತಸ್ರಾವವೋ ಕಣ್ಣು ಹಳದಿಯಾಗುವುದೋ ಕಂಡರೆ, ಉಳಿದ ಪೊಟ್ಟಣಗಳನ್ನು ಎಸೆಯದೆ ಆಸ್ಪತ್ರೆಗೆ ಜೊತೆಯಲ್ಲೇ ಒಯ್ಯಿರಿ.