ವಾರಂಟಿ ಇರುವ ಗಾಡಿಯ ಅಡಿಗೆ ಸ್ಪ್ಯಾನರ್ ಹಾಕಿಸುವ ಮೊದಲು ಇದನ್ನು ಓದಿ

2026ರ ಮಾರ್ಚ್‌ವರೆಗೆ ವಾರಂಟಿ ಇದ್ದ ಗಾಡಿಗೆ 7,40,000 ರೂಪಾಯಿಯ ಎಸ್ಟಿಮೇಟ್ ಹಿಡಿದುಕೊಂಡು ಕುಳಿತಿದ್ದೇನೆ. ಅದರಲ್ಲಿ ಒಂದು ರೂಪಾಯಿಯನ್ನೂ ಕಂಪನಿ ಕೊಡುವುದಿಲ್ಲ. ಇದನ್ನು ಬರೆಯಲು ನನಗೆ ನಾಚಿಕೆಯಾಗುತ್ತದೆ. ಇಪ್ಪತ್ತು ವರ್ಷಗಳಿಂದ ಮಂಗಳೂರು, ಉಡುಪಿಗಳಲ್ಲಿ ಕಟ್ಟಡದ ಗುತ್ತಿಗೆ ಮಾಡುತ್ತಾ, ಒಂದು ಲೋಡ್ ಹೊಯ್ಗೆಗೂ ರಸೀದಿ ಕೇಳುವ ನಾನು, ಸ್ವಂತ ಗಾಡಿಯ ವಿಷಯದಲ್ಲಿ ಬಾಯಿಮಾತನ್ನು ನಂಬಿ ಕೆಟ್ಟೆ. ಆದರೂ ಬರೆಯುತ್ತಿದ್ದೇನೆ, ಏಕೆಂದರೆ ಕಳೆದ ವಾರ, ವಾರಂಟಿಗೆ ಏನೂ ಆಗುವುದಿಲ್ಲವೆಂದು ನಂಬಿಸಿ ನನ್ನ ಗಾಡಿಯ ಅಡಿಗೆ ಹೊರಗಿನ ಭಾಗ ಹಾಕಿದ ಗ್ಯಾರೇಜಿಗೆ ಜಗಳಕ್ಕೆಂದು ಹೋದಾಗ ನನ್ನದೇ ಮಾದರಿಯ ಇನ್ನೊಂದು ಗಾಡಿ ಲಿಫ್ಟಿನ ಮೇಲಿತ್ತು, ಅದರ ಅಡಿಯೂ ಬಿಚ್ಚಿತ್ತು.

ಗಾಡಿಯ ಹೆಸರು, ಸರ್ವಿಸ್ ಸೆಂಟರಿನ ಹೆಸರು, ಗ್ಯಾರೇಜಿನ ಹೆಸರು ಯಾವುದನ್ನೂ ಇಲ್ಲಿ ಬರೆಯುವುದಿಲ್ಲ; ದೂರು ಕೊಡುವ ಹಂತದಲ್ಲಿದ್ದೇನೆ. ಗಾಡಿ 6 ಸಿಲಿಂಡರಿನ ಟರ್ಬೊ ಪೆಟ್ರೋಲ್ ಎಸ್‌ಯುವಿ, ಆಟೊಮ್ಯಾಟಿಕ್ ಗೇರ್, ಆಲ್ ವೀಲ್ ಡ್ರೈವ್. 2023ರ ಮಾರ್ಚ್‌ನಲ್ಲಿ ಹೊಸದಾಗಿ ಕೊಂಡದ್ದು. ಹೆಂಡತಿಯ ತವರು ತೀರ್ಥಹಳ್ಳಿಯಾದ್ದರಿಂದ ತಿಂಗಳಿಗೆರಡು ಸಲವಾದರೂ ಹೆಬ್ರಿ, ಸೋಮೇಶ್ವರದ ಮೇಲಾಗಿ ಆಗುಂಬೆ ಘಾಟಿ ಹತ್ತಬೇಕು. ಆ 14 ತಿರುವುಗಳನ್ನು ಮಳೆಗಾಲದಲ್ಲಿ ನಿಶ್ಚಿಂತೆಯಿಂದ ಹತ್ತಲೆಂದೇ ನಾಲ್ಕೂ ಚಕ್ರಕ್ಕೆ ಬಲ ಹೋಗುವ ಗಾಡಿಯನ್ನು ಸಾಲ ಮಾಡಿ ತೆಗೆದುಕೊಂಡಿದ್ದೆ.

ತೊಂದರೆ ಶುರುವಾದದ್ದು ಬಹಳ ಸಣ್ಣದಾಗಿ. ರಿವರ್ಸಿನಿಂದ ಡ್ರೈವ್‌ಗೆ ಹಾಕಿದಾಗ ಅಡಿಯಿಂದ ಠಕ್ ಎಂಬ ಒಂದು ಸದ್ದು. ಮನೆಯ ಗೇಟಿನೊಳಗೆ ಸ್ಟೀರಿಂಗನ್ನು ಪೂರ್ತಿ ತಿರುಗಿಸಿ ನಿಧಾನವಾಗಿ ಹೋಗುವಾಗ, ಯಾರೋ ಹಿಂದಿನಿಂದ ಹಿಡಿದು ಬಿಟ್ಟು ಹಿಡಿದು ಬಿಟ್ಟು ಮಾಡಿದ ಹಾಗೆ ಒಂದು ಜಗ್ಗಾಟ. ಸರ್ವಿಸಿಗೆ ಬಿಟ್ಟಾಗ ಸಲಹೆಗಾರನಿಗೆ ಹೇಳಿದೆ. ಅವನು ಪಕ್ಕದಲ್ಲಿ ಕುಳಿತು ಒಂದು ಸುತ್ತು ಬಂದು, "ಇದು ಈ ಗಾಡಿಯ ಸ್ವಭಾವ ಸರ್, ಎಲ್ಲದರಲ್ಲೂ ಇದೆ" ಎಂದ. ಜಾಬ್ ಕಾರ್ಡಿನಲ್ಲಿ ಬರೆದದ್ದು ಎಣ್ಣೆ ಬದಲಾವಣೆ, ಎಸಿ ಫಿಲ್ಟರ್, ವಾಷಿಂಗ್, ಇಷ್ಟೇ. ನಾನು ಸಹಿ ಹಾಕಿದೆ. ಆ ಸಹಿಯ ಬೆಲೆ ನನಗೆ ಆವತ್ತು ತಿಳಿಯಲಿಲ್ಲ.

ಸರ್ವಿಸ್ ಸೆಂಟರಿನವರು ಕೈಬಿಟ್ಟ ಮೇಲೆ ಹೊರಗಿನ ಗ್ಯಾರೇಜಿಗೆ ಹೋದೆ. ಮಂಗಳೂರಿನ ಬೈಕಂಪಾಡಿ ಕಡೆಯ ಈ ಗ್ಯಾರೇಜನ್ನು ಪರಿಚಯಿಸಿದವನು ನನ್ನ ಸ್ನೇಹಿತ, ಅವನ ಮೇಲೆ ನನಗೆ ಕೋಪವಿಲ್ಲ. ಗ್ಯಾರೇಜಿನ ಯಜಮಾನ ಗಾಡಿಯನ್ನು ಎತ್ತಿ, ಟ್ರಾನ್ಸ್‌ಫರ್ ಕೇಸಿನ ಮೇಲೆ, ಅಂದರೆ ಗೇರ್‌ಬಾಕ್ಸಿನಿಂದ ಬಂದ ಬಲವನ್ನು ಮುಂದಿನ ಹಿಂದಿನ ಚಕ್ರಗಳಿಗೆ ಹಂಚುವ ಪೆಟ್ಟಿಗೆಯ ಮೇಲೆ ಕೈಯಿಟ್ಟು, ಇಂಜಿನ್ನಿನ ಟಾರ್ಕಿಗೆ, ಅಂದರೆ ತಿರುಗಿಸುವ ಬಲಕ್ಕೆ, ಈ ಪೆಟ್ಟಿಗೆ ಸಾಲುವುದಿಲ್ಲ, ಘಾಟಿ ಹತ್ತಿ ಹತ್ತಿ ಒಳಗಿನ ಚೈನು ಸಡಿಲವಾಗಿದೆ, ಹೀಗೇ ಬಿಟ್ಟರೆ ಒಂದು ದಿನ ದಾರಿಯಲ್ಲೇ ತುಂಡಾಗುತ್ತದೆ ಎಂದ. ಪೆಟ್ಟಿಗೆಯನ್ನು ಬಿಚ್ಚದೆಯೇ, ಒಂದು ಅಳತೆಯನ್ನೂ ನೋಡದೆಯೇ ಹೇಳಿದ. ಅವನ ಪರಿಹಾರ ಅಮೆರಿಕದಿಂದ ತರಿಸುವ ಒಂದು ಕಿಟ್: ಟ್ರಾನ್ಸ್‌ಫರ್ ಕೇಸನ್ನು ಬಿಗಿಹಿಡಿಯುವ ಅಲ್ಯೂಮಿನಿಯಂ ಬ್ರೇಸ್, ಒಳಗೆ ಗಟ್ಟಿ ಕ್ಲಚ್ ಪ್ಲೇಟುಗಳು, ಮತ್ತು ಹಿಂದಿನ ಚಕ್ರಗಳತ್ತ ಬಲ ಒಯ್ಯುವ ಎರಡು ತುಂಡಿನ ಮೂಲ ಪ್ರೊಪೆಲ್ಲರ್ ಶಾಫ್ಟಿನ ಬದಲು ಒಂದೇ ತುಂಡಿನ ಉಕ್ಕಿನ ಶಾಫ್ಟ್. ಕೂಲಿ ಸೇರಿ 2,80,000 ರೂಪಾಯಿ.

ನಾನು ಕೇಳಿದ್ದು ಒಂದೇ ಪ್ರಶ್ನೆ, ಒಂದಲ್ಲ, ಮೂರು ಸಲ ಕೇಳಿದೆ: ವಾರಂಟಿಯ ಕಥೆ ಏನು? "ವಾರಂಟಿಗೆ ಏನೂ ಆಗುವುದಿಲ್ಲ, ನೀವು ಮಂಡೆಬಿಸಿ ಮಾಡಬೇಡಿ ಮಾರಾಯ್ರೆ" ಎಂದ. ಎರಡನೆಯ ಸಲ ಕೇಳಿದಾಗ ಮೊಬೈಲ್ ತೆಗೆದು ಇಂಗ್ಲಿಷಿನ ಒಂದು ಪುಟ ತೋರಿಸಿ, ಹೊರಗಿನ ಪಾರ್ಟ್ ಹಾಕಿದ ಮಾತ್ರಕ್ಕೆ ಕಂಪನಿ ವಾರಂಟಿ ರದ್ದು ಮಾಡುವಂತಿಲ್ಲ, ಇದಕ್ಕೆ ಕಾನೂನೇ ಇದೆ ಎಂದ. ಕಾನೂನು ಎಂಬ ಮಾತು ಕೇಳಿ ನಾನು ಸುಮ್ಮನಾದೆ. ಮನೆಗೆ ಬಂದು ಅದು ಯಾವ ದೇಶದ ಕಾನೂನು ಎಂದು ನೋಡುವಷ್ಟು ವ್ಯವಧಾನವನ್ನೂ ತೋರಲಿಲ್ಲ. ಅದು 1975ರ ಮ್ಯಾಗ್ನಸನ್-ಮಾಸ್ ವಾರಂಟಿ ಕಾಯ್ದೆ, ಅಮೆರಿಕ ಸಂಯುಕ್ತ ಸಂಸ್ಥಾನದ್ದು. ಅಲ್ಲಿಯೂ ಹೊರಗಿನ ಭಾಗದಿಂದಲೇ ಹಾನಿಯಾಯಿತೆಂದು ತಯಾರಕರು ತೋರಿಸಿದರೆ ಆ ಹಾನಿಗೆ ವಾರಂಟಿ ನಿರಾಕರಿಸಬಹುದು. ಮಂಗಳೂರಿನಲ್ಲಿ ಕೊಂಡು ಮಂಗಳೂರಿನಲ್ಲಿ ಓಡಿಸುವ ಗಾಡಿಗೆ ಅನ್ವಯವಾಗುವುದು ನಮ್ಮ ವಾರಂಟಿ ಪುಸ್ತಕದಲ್ಲಿ ಅಚ್ಚಾಗಿರುವ ಷರತ್ತು. ಆ ಪುಸ್ತಕ ಗಾಡಿಯ ಗ್ಲೋವ್ ಬಾಕ್ಸಿನಲ್ಲೇ ಇತ್ತು. ಅನುಮೋದನೆಯಿಲ್ಲದ ಮಾರ್ಪಾಡಿನಿಂದಾದ ಹಾನಿ ವಾರಂಟಿಗೆ ಬರುವುದಿಲ್ಲವೆಂದು ಅದರಲ್ಲಿ ಸ್ಪಷ್ಟವಾಗಿ ಬರೆದಿದೆ.

ಮೂರನೆಯ ಸಲ ಕೇಳಿದಾಗ ಕೊಟ್ಟ ಉತ್ತರವೇ ನನ್ನನ್ನು ಪೂರ್ತಿ ಒಪ್ಪಿಸಿದ್ದು. "ಹಳೇ ಪಾರ್ಟ್ಸ್ ಎಲ್ಲ ಜೋಪಾನವಾಗಿ ನಿಮಗೇ ಕೊಡುತ್ತೇವೆ, ಏನಾದರೂ ಆದರೆ ಒಂದೇ ದಿನದಲ್ಲಿ ಮೊದಲಿನ ಹಾಗೆ ಕೂರಿಸಿ ಕೊಡುವ ಜವಾಬ್ದಾರಿ ನನ್ನದು." ಈ ಜವಾಬ್ದಾರಿಯ ಮಾತು ಯಾವ ಕಾಗದದಲ್ಲೂ ಇಲ್ಲ.

ಮೇ ತಿಂಗಳಲ್ಲಿ ಕೆಲಸ ಮುಗಿಯಿತು. ಕೊಟ್ಟ ಬಿಲ್ಲಿನಲ್ಲಿ ಒಂದೇ ಸಾಲು: "ಅಂಡರ್‌ಬಾಡಿ ಕೆಲಸ ಮತ್ತು ಲೇಬರ್". ಜಿಎಸ್‌ಟಿ ಸಂಖ್ಯೆ ಇಲ್ಲ, ಕಿಟ್ಟಿನ ಹೆಸರಿಲ್ಲ, ಪಾರ್ಟ್ ನಂಬರ್ ಇಲ್ಲ. ಹಳೆಯ ಭಾಗಗಳನ್ನು ಕೇಳಿದೆ. ಎಣ್ಣೆ ಒರೆಸಿ ನಾಳೆ ಮನೆಗೇ ಕಳಿಸುತ್ತೇನೆ ಎಂದರು. ಮರುವಾರ ಕೇಳಿದಾಗ ಹುಡುಗ ರಜೆಯಲ್ಲಿದ್ದಾನೆ ಎಂದರು. ಗಾಡಿ ಚೆನ್ನಾಗಿ ಓಡುತ್ತಿತ್ತು, ಆ ಠಕ್ ಸದ್ದು ಕಡಿಮೆಯಾಗಿತ್ತು, ನಾನೂ ಬಿಟ್ಟುಬಿಟ್ಟೆ. ಇಲ್ಲಿಯೇ ನಾನು ಹಾಳಾದದ್ದು.

ಆಗಸ್ಟ್ ಮೊದಲ ವಾರ, ಸೋಮೇಶ್ವರ ದಾಟಿ ಘಾಟಿ ಹತ್ತುತ್ತಿದ್ದೆವು. ಹೆಂಡತಿ ಮತ್ತು ಅತ್ತೆ ಜೊತೆಗಿದ್ದರು, ಹತ್ತು ಮಾರಿನಾಚೆ ಕಾಣದಷ್ಟು ಮಂಜು, ಸುರಿಯುವ ಮಳೆ. ಕೆಲಸ ಮಾಡಿಸಿ 2,900 ಕಿಲೋಮೀಟರ್ ಆಗಿತ್ತು. ಒಂದು ತಿರುವಿನಲ್ಲಿ ಆಕ್ಸಿಲರೇಟರ್ ಒತ್ತಿದಾಗ ಹಿಂದಿನಿಂದ ಕಲ್ಲು ಅರೆಯುವಂಥ ಸದ್ದು ಬಂತು, ಡ್ಯಾಶ್‌ಬೋರ್ಡಿನಲ್ಲಿ ಆಲ್ ವೀಲ್ ಡ್ರೈವಿನ ಎಚ್ಚರಿಕೆ ದೀಪ ಹತ್ತಿತು, ಗಾಡಿ ಎರಡು ಸಲ ಮುಗ್ಗರಿಸಿ ನಿಂತಿತು. ಇಂಥ ಗಾಡಿಯನ್ನು ಎರಡು ಚಕ್ರ ಎತ್ತಿ ಎಳೆಯುವ ಹಾಗಿಲ್ಲ, ಪೂರ್ತಿ ಮೇಲೆ ಹೇರಿಕೊಳ್ಳುವ ಲಾರಿಯೇ ಬೇಕು. ಅದು ಬರುವವರೆಗೆ ನಾಲ್ಕು ಗಂಟೆ ಆ ತಿರುವಿನಲ್ಲಿ, ಕೆಳಗಿನಿಂದ ಬರುವ ಪ್ರತಿಯೊಂದು ಗಾಡಿಗೂ ಟಾರ್ಚ್ ತೋರಿಸುತ್ತಾ ನಿಂತಿದ್ದೆ. ಅತ್ತೆಗೆ ಎಪ್ಪತ್ತೊಂದು ವರ್ಷ.

ಸರ್ವಿಸ್ ಸೆಂಟರಿನಲ್ಲಿ ಗಾಡಿಯನ್ನು ಎತ್ತಿದ ಕ್ಷಣವನ್ನು ನಾನು ಮರೆಯಲಾರೆ. ಸ್ವಭಾವ ಸರ್ ಎಂದಿದ್ದ ಅದೇ ಸಲಹೆಗಾರ ಅಡಿಗೆ ಟಾರ್ಚ್ ಬಿಟ್ಟ. ಬೆಳಕು ನೇರವಾಗಿ ಬಿದ್ದದ್ದು ಆ ಹೊಸ ಬ್ರೇಸಿನ ಮೇಲೆ. ಎಲ್ಲೆಡೆ ಕೆಸರು ಮೆತ್ತಿದ ಕಪ್ಪು ಕಬ್ಬಿಣದ ನಡುವೆ ಅದೊಂದೇ ನೀಲಿ ಬಣ್ಣದಲ್ಲಿ ಹೊಳೆಯುತ್ತಿತ್ತು. ಫ್ಯಾಕ್ಟರಿಯಲ್ಲಿ ಬಿಗಿಮಾಡಿದ ಮೇಲೆ ಬೋಲ್ಟಿನಿಂದ ಕೇಸಿನವರೆಗೆ ಹಳದಿ ಬಣ್ಣದಲ್ಲಿ ಒಂದು ಗೆರೆ ಎಳೆದಿರುತ್ತಾರೆ. ನನ್ನ ಗಾಡಿಯಲ್ಲಿ ಆ ಗೆರೆಯ ಅರ್ಧ ಬೋಲ್ಟಿನ ಮೇಲೆ ಒಂದು ದಿಕ್ಕಿಗಿತ್ತು, ಇನ್ನರ್ಧ ಕೇಸಿನ ಮೇಲೆ ಬೇರೊಂದು ದಿಕ್ಕಿಗಿತ್ತು. ಅವನು ಏನೂ ಹೇಳಲಿಲ್ಲ. ಹನ್ನೆರಡೋ ಹದಿನೈದೋ ಫೋಟೋ ತೆಗೆದ. ಆಮೇಲೆ ನನ್ನ ಮುಖ ನೋಡದೆ, "ಇದು ಕಂಪನಿಯದ್ದಲ್ಲ ಸರ್" ಎಂದ. ನಾನು ಮೋಸ ಹೋದೆನೆಂದು ನನಗೆ ಗೊತ್ತಾದದ್ದು ಆಗ, ಆ ಟಾರ್ಚಿನ ಬೆಳಕಿನಲ್ಲಿ.

ಶಾಫ್ಟಿನಿಂದ ಬಂದ ಬಲವನ್ನು ಹಿಂದಿನ ಎರಡು ಚಕ್ರಗಳಿಗೆ ಹಂಚುವ ಡಿಫರೆನ್ಶಿಯಲ್‌ನಲ್ಲಿ ಪಿನಿಯನ್ನಿನ, ಅಂದರೆ ಶಾಫ್ಟಿಗೆ ಸೇರಿದ ಸಣ್ಣ ಹಲ್ಲುಚಕ್ರದ, ಬೇರಿಂಗ್ ಪುಡಿಯಾಗಿತ್ತು, ಕ್ರೌನ್ ಪಿನಿಯನ್ನಿನ ಹಲ್ಲುಗಳು ಮುರಿದಿದ್ದವು, ಟ್ರಾನ್ಸ್‌ಫರ್ ಕೇಸಿನ ಎಣ್ಣೆ ಕಪ್ಪಾಗಿ ಸುಟ್ಟ ವಾಸನೆ ಬರುತ್ತಿತ್ತು. ಎರಡನ್ನೂ ಬದಲಾಯಿಸಬೇಕು. ಕಂಪನಿಯ ಪತ್ರ ಒಂಬತ್ತು ದಿನಗಳ ನಂತರ ಬಂತು: ಅನಧಿಕೃತ ಮಾರ್ಪಾಡು, ಮೂಲ ಭಾಗಗಳು ಲಭ್ಯವಿಲ್ಲ, ಮೊದಲೇ ದೋಷವಿತ್ತೆಂಬುದಕ್ಕೆ ದಾಖಲೆಯಿಲ್ಲ, ಆದ್ದರಿಂದ ನಿರಾಕರಿಸಲಾಗಿದೆ. ನಾನು ಮೊದಲೇ ಹೇಳಿದ್ದೆನಲ್ಲ ಎಂದು ಕೂಗಾಡಿದೆ. ಜಾಬ್ ಕಾರ್ಡ್ ತೋರಿಸಿ ಎಂದರು. ಜಾಬ್ ಕಾರ್ಡಿನಲ್ಲಿ ಎಸಿ ಫಿಲ್ಟರ್ ಇತ್ತು.

ಗ್ಯಾರೇಜಿನ ಯಜಮಾನನ ಉತ್ತರಗಳನ್ನು ವಾಟ್ಸ್ಯಾಪಿನಿಂದ ಇದ್ದ ಹಾಗೆಯೇ ಇಲ್ಲಿ ಬರೆಯುತ್ತೇನೆ. ಮೊದಲನೆಯದು: "ನಾವು ವಾರಂಟಿ ಹೋಗುವುದಿಲ್ಲ ಎಂದದ್ದು ಇಂಜಿನ್ ವಾರಂಟಿ ಸರ್." ಗೇರ್‌ಬಾಕ್ಸಿನ ಹಿಂದಿನ ಕೆಲಸಕ್ಕೆ ಇಂಜಿನ್ನಿನ ವಾರಂಟಿಯ ಭರವಸೆ ಯಾರು ಕೇಳುತ್ತಾರೆ? ಎರಡನೆಯದು: "ಮುರಿದದ್ದು ಡಿಫರೆನ್ಶಿಯಲ್, ನಾವು ಮುಟ್ಟಿದ್ದು ಟ್ರಾನ್ಸ್‌ಫರ್ ಕೇಸ್ ಮತ್ತು ಶಾಫ್ಟ್." ಮೂರನೆಯದು: "ನೀವು ಹೇಗೆ ಓಡಿಸಿದ್ದೀರಿ ಎಂದು ನಮಗೆ ಹೇಗೆ ಗೊತ್ತು." ಹಳೆಯ ಭಾಗಗಳನ್ನು ಕೇಳಿದಾಗ ಎರಡು ದಿನ ಉತ್ತರವಿಲ್ಲ, ನೀಲಿ ಗುರುತು ಮಾತ್ರ. ಆಮೇಲೆ: "ಸರ್ ಅದು ಗುಜರಿಗೆ ಹೋಗಿದೆ. ನೀವು ತೆಗೆದುಕೊಂಡು ಹೋಗಲಿಲ್ಲ." ನೀವು ತೆಗೆದುಕೊಂಡು ಹೋಗಲಿಲ್ಲ! ನಾಲ್ಕು ಸಲ ಕೇಳಿದವನಿಗೆ ಈ ಮಾತು.

ಆ ಎರಡನೆಯ ಉತ್ತರದಲ್ಲಿರುವ ಸುಳ್ಳನ್ನು ನನಗೆ ಬಿಡಿಸಿ ಹೇಳಿದವರು ಉಡುಪಿಯ ಒಬ್ಬ ಹಿರಿಯ ಮೆಕ್ಯಾನಿಕ್. ಮೂಲ ಶಾಫ್ಟಿನ ತುದಿಯಲ್ಲಿ ದಪ್ಪ ರಬ್ಬರಿನ ಒಂದು ಕಪ್ಲಿಂಗ್ ಇರುತ್ತದೆ, ನಡುವೆ ರಬ್ಬರಿನಲ್ಲಿ ಕೂತ ಬೇರಿಂಗ್ ಇರುತ್ತದೆ. ಇಂಜಿನ್ ಒಮ್ಮೆಲೇ ಬಲ ಕೊಟ್ಟಾಗ ಆ ಹೊಡೆತವನ್ನು ರಬ್ಬರು ಸ್ವಲ್ಪ ನುಂಗಿಕೊಳ್ಳುತ್ತದೆ. ಅದನ್ನು ತೆಗೆದು ಒಂದೇ ಉಕ್ಕಿನ ಕೊಳವೆ ಹಾಕಿದರೆ ಹೊಡೆತ ಮಾಯವಾಗುವುದಿಲ್ಲ, ಮುಂದಿನ ಭಾಗಕ್ಕೆ, ಅಂದರೆ ಪಿನಿಯನ್ನಿಗೆ ಹೋಗಿ ಬೀಳುತ್ತದೆ. ಸರಪಳಿಯ ಒಂದು ಕೊಂಡಿಯನ್ನು ದಪ್ಪ ಮಾಡಿದರೆ ತುಂಡಾಗುವುದು ಪಕ್ಕದ ಕೊಂಡಿ. ಬೀಮಿನ ಭಾರವನ್ನು ಕಂಬ ಹೊರುತ್ತದೆಂದು ದಿನಾ ಲೆಕ್ಕ ಹಾಕುವ ನನಗೆ ಇದು ಹೊಳೆಯಬೇಕಿತ್ತು.

ಅವರು ಇನ್ನೊಂದು ಮಾತು ಕೇಳಿದರು, ಅದು ಇವತ್ತಿಗೂ ನಿದ್ದೆ ಕೆಡಿಸುತ್ತದೆ. "ಟೈರ್ ಯಾವಾಗ ಬದಲಾಯಿಸಿದ್ದು?" ಪಡುಬಿದ್ರಿಯ ಹತ್ತಿರ ಹೆದ್ದಾರಿಯಲ್ಲಿ ಕಬ್ಬಿಣದ ಚೂರು ತಾಗಿ ಮುಂದಿನ ಒಂದು ಟೈರಿನ ಪಕ್ಕ ಸೀಳಿತ್ತು, ಮುಂದಿನ ಎರಡನ್ನು ಮಾತ್ರ ಹೊಸದು ಹಾಕಿಸಿದ್ದೆ. ಹೊಸದರ ಗೆರೆಯ ಆಳ 8 ಮಿಲಿಮೀಟರ್, ಹಿಂದಿನ ಸವೆದವುಗಳದ್ದು ಸುಮಾರು 4. ಇಷ್ಟು ವ್ಯತ್ಯಾಸವಿದ್ದರೆ ಮುಂದಿನ ಮತ್ತು ಹಿಂದಿನ ಚಕ್ರಗಳು ನೇರ ರಸ್ತೆಯಲ್ಲೂ ಬೇರೆ ಬೇರೆ ವೇಗದಲ್ಲಿ ಸುತ್ತುತ್ತವೆ, ಟ್ರಾನ್ಸ್‌ಫರ್ ಕೇಸಿನೊಳಗಿನ ಕ್ಲಚ್ ಆ ವ್ಯತ್ಯಾಸವನ್ನು ಸದಾ ಉಜ್ಜಿಕೊಂಡು ಸರಿದೂಗಿಸುತ್ತಿರುತ್ತದೆ. ಗೇಟಿನೊಳಗಿನ ಆ ಜಗ್ಗಾಟ ಶುರುವಾದದ್ದು ಟೈರ್ ಹಾಕಿಸಿದ ಮೇಲೆಯೇ. ನಾಲ್ಕೂ ಟೈರ್ ಸಮ ಮಾಡಿ, ಕಂಪನಿ ಹೇಳಿದ ಎಣ್ಣೆ ಬದಲಾಯಿಸಿ ನೋಡುವುದು ಮೊದಲ ಹೆಜ್ಜೆಯಾಗಬೇಕಿತ್ತು ಎಂದರು ಅವರು. ಎರಡು ಟೈರಿನಿಂದ ಹೋಗಬಹುದಾಗಿದ್ದ ಕೆಲಸಕ್ಕೆ 2,80,000 ಸುರಿದೆ. ಸರ್ವಿಸ್ ಸೆಂಟರಿನವರು ಟೈರ್ ನೋಡಲಿಲ್ಲ, ಗ್ಯಾರೇಜಿನವರು ನೋಡಿದರೋ ಇಲ್ಲವೋ, ನೋಡಿದ್ದರೆ ಹೇಳಲಿಲ್ಲ.

ಇಂಥ ಗಾಡಿ ಇರುವವರಿಗೆ ನನ್ನ ಮಾತು ಇಷ್ಟೇ. ಸದ್ದು ಬಂದರೆ ಜಾಬ್ ಕಾರ್ಡಿನಲ್ಲಿ ನಿಮ್ಮ ಮಾತಿನಲ್ಲೇ ಬರೆಸಿ, ಬರೆಯದಿದ್ದರೆ ಸಹಿ ಹಾಕಬೇಡಿ, ಅದೇ ದಿನ ಕಂಪನಿಗೆ ಇಮೇಲ್ ಕಳಿಸಿ. ವಾರಂಟಿ ಹೋಗುವುದಿಲ್ಲ ಎನ್ನುವ ಗ್ಯಾರೇಜಿನವರಿಗೆ ಅದನ್ನೇ ಲೆಟರ್‌ಹೆಡ್‌ನಲ್ಲಿ ಬರೆದುಕೊಡಲು ಹೇಳಿ. ಅಲ್ಲಿಗೆ ಮಾತು ನಿಲ್ಲುತ್ತದೆ. ಬಿಚ್ಚಿದ ಭಾಗಗಳು ನಿಮ್ಮ ಗಾಡಿಯ ಡಿಕ್ಕಿಗೆ ಬಂದ ಮೇಲೆಯೇ ಹಣ ಕೊಡಿ. ಇನ್ಶೂರೆನ್ಸ್ ಇದೆ ಎಂದು ಧೈರ್ಯ ಮಾಡಬೇಡಿ, ಯಂತ್ರ ತಾನಾಗಿ ಕೆಟ್ಟರೆ ಸಾಮಾನ್ಯ ಪಾಲಿಸಿಯಲ್ಲಿ ಪೈಸೆಯೂ ಸಿಗುವುದಿಲ್ಲ.

1915 ಗ್ರಾಹಕ ಸಹಾಯವಾಣಿಯಲ್ಲಿ ದೂರು ದಾಖಲಿಸಿದ್ದೇನೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಜಿಲ್ಲಾ ಆಯೋಗಕ್ಕೆ ಹೋಗಲು ಎರಡು ವರ್ಷದ ಅವಧಿಯಿದೆ, ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವೂ ಇಲ್ಲ ಎಂದು ವಕೀಲರು ಹೇಳಿದ್ದಾರೆ. ಆದರೆ ಅವರೂ ಮೊದಲು ಕೇಳಿದ್ದು ಬಿಲ್ ಎಲ್ಲಿ, ಹಳೆಯ ಭಾಗಗಳೆಲ್ಲಿ ಎಂದು. ಆದ್ದರಿಂದ ಬೈಕಂಪಾಡಿ, ಕುಳೂರು, ಸುರತ್ಕಲ್ ಕಡೆ ಗುಜರಿ ವ್ಯವಹಾರ ಮಾಡುವವರಲ್ಲಿ ಒಂದು ವಿನಂತಿ: ಮೇ ತಿಂಗಳ ನಂತರ ಬಂದ ಮಾಲಿನಲ್ಲಿ ನಡುವೆ ಬೇರಿಂಗ್ ಇರುವ ಎರಡು ತುಂಡಿನ ಪ್ರೊಪೆಲ್ಲರ್ ಶಾಫ್ಟ್, ಒಂದು ತುದಿಯಲ್ಲಿ ಆರು ತೂತಿನ ರಬ್ಬರ್ ಕಪ್ಲಿಂಗ್, ಅದರ ಪಕ್ಕದಲ್ಲಿ ಹಳದಿ ಬಣ್ಣದ ಗೆರೆ ಕಂಡರೆ ದಯವಿಟ್ಟು ಕರಗಿಸಲು ಕಳಿಸಬೇಡಿ, ಇಲ್ಲಿ ತಿಳಿಸಿ. ಗುಜರಿ ಬೆಲೆಯ ಎರಡರಷ್ಟು ಕೊಟ್ಟು, ರಸೀದಿ ಪಡೆದು ನಾನೇ ತೆಗೆದುಕೊಂಡು ಹೋಗುತ್ತೇನೆ.