ನಮ್ಮ ಪೇಟೆಯ ಡಾಕ್ಟರ ಕ್ಲಿನಿಕ್: ಮೂರು ತಲೆಮಾರು ಬಳಸಿದ ಮೇಲೆ

ಗ್ಲುಕೋಸ್ ಬಾಟ್ಲಿ ಹಾಕಿಸಿಕೊಂಡು, ಎರಡು ಇಂಜೆಕ್ಷನ್ ಚುಚ್ಚಿಸಿಕೊಂಡು ಬಂದರೇ ಸಮಾಧಾನ ಅನ್ನುವವರಿಗೆ ಈ ಕ್ಲಿನಿಕ್ ಆಗಿಬರುವುದಿಲ್ಲ. ಮೊದಲೇ ಹೇಳಿಬಿಡುತ್ತೇನೆ. ಸಾಗರ ತಾಲೂಕಿನ ಒಂದು ಸಣ್ಣ ಪೇಟೆ. ಹೆಂಚಿನ ಕಟ್ಟಡ, ಹೊರಗೆ ಎರಡು ಬೆಂಚು, ಒಳಗೆ ಒಬ್ಬರು ಡಾಕ್ಟರು, ಒಬ್ಬ ಕಾಂಪೌಂಡರ್. ಅಜ್ಜಿಯ ಕಾಲದಿಂದ ನಮ್ಮ ಮನೆಯವರೆಲ್ಲ ಅಲ್ಲಿಗೇ ಹೋಗುವುದು. ಹೆಸರು ಹಾಕಿದರೆ ಡಾಕ್ಟರಿಗೆ ಇಷ್ಟವಾಗುವುದಿಲ್ಲ, ಹಾಗಾಗಿ ಹಾಕಿಲ್ಲ.

ಫೀಸು 50 ರೂಪಾಯಿ. ಟೇಬಲ್ಲಿನ ಡ್ರಾಯರ್ ಅರ್ಧ ತೆರೆದೇ ಇರುತ್ತದೆ. ನಾವೇ ಹಾಕಬೇಕು, ಚಿಲ್ಲರೆಯನ್ನೂ ನಾವೇ ತಗೊಳ್ಳಬೇಕು. ಕೊಡದೆ ಹೋದವರನ್ನು ಕರೆದು ಕೇಳಿದ್ದನ್ನು ನಾನಂತೂ ನೋಡಿಲ್ಲ. ಮಂಡ್ಯದ ಡಾ. ಶಂಕರೇಗೌಡರು 5 ರೂಪಾಯಿಗೆ ರೋಗಿಗಳನ್ನು ನೋಡಿ ರಾಜ್ಯಕ್ಕೆಲ್ಲ ಹೆಸರಾದರಲ್ಲ, ಅಂಥವರ ವಿಷಯ ಪೇಪರಿನಲ್ಲಿ ಬಂದಾಗೆಲ್ಲ ಜನ ಫೀಸಿನ ಬಗ್ಗೆಯೇ ಮಾತಾಡುತ್ತಾರೆ. ನನ್ನ ಪ್ರಕಾರ ಫೀಸು ಸಣ್ಣ ವಿಷಯ. ಡಾಕ್ಟರು ಏನೇನು ಬರೆದುಕೊಡುವುದಿಲ್ಲ ಅನ್ನುವುದರಲ್ಲೇ ನಮ್ಮ ದುಡ್ಡು ಉಳಿಯುವುದು, ಮೈಯೂ ಉಳಿಯುವುದು.

ಬರೀ ನೆಗಡಿ ಆದರೆ ಆಂಟಿಬಯಾಟಿಕ್ ಇಲ್ಲ. ಮಗುವಿಗೆ ಭೇದಿ ಅಂತ ಎತ್ತಿಕೊಂಡು ಹೋದರೆ ಓಆರ್‌ಎಸ್ ಪೊಟ್ಟಣ, 14 ದಿನದ ಜಿಂಕ್ ಮಾತ್ರೆ, ಅಷ್ಟೇ. ಆದರೆ ಒಂದು ಲೀಟರಿನ ಪೊಟ್ಟಣವನ್ನು ಪೂರ್ತಿ ಒಂದು ಲೀಟರ್ ನೀರಿಗೆ ಹಾಕಬೇಕು, ಲೋಟಕ್ಕೆ ಚೂರು ಚೂರು ಉದುರಿಸಬಾರದು ಅಂತ ಅಮ್ಮಂದಿರ ಬಾಯಲ್ಲೇ ತಿರುಗಿ ಹೇಳಿಸಿಯೇ ಕಳಿಸುತ್ತಾರೆ. ಹೊರಗೆ ಕ್ಯೂ ಎಷ್ಟೇ ಇರಲಿ.

ಮಂಗನ ಕಾಯಿಲೆಯ ಕಾಲ ಬಂದಾಗ ಇವರ ಬೆಲೆ ಗೊತ್ತಾಗುತ್ತದೆ. 1957ರಲ್ಲಿ ಪಕ್ಕದ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಜ್ವರ ಇದು. ಉಣುಗು (ಉಣ್ಣೆ ಹುಳ) ಕಚ್ಚಿ ಹರಡುತ್ತದೆ, ಕಾಡಿನಲ್ಲಿ ಮಂಗಗಳೂ ಇದರಿಂದ ಸಾಯುತ್ತವೆ. ಅಡಿಕೆ ಕೊಯ್ಲು, ದರಗು (ಒಣಗಿದ ಎಲೆ) ಗುಡಿಸುವುದು, ಉಣುಗಿನ ಕಾಟ, ಎಲ್ಲಾ ನಮ್ಮಲ್ಲಿ ಒಟ್ಟೊಟ್ಟಿಗೇ ಬರುತ್ತವೆ. ಮಳೆ ಹಿಡಿಯುವ ತನಕ ಇದೇ ಗೋಳು. ಆ ತಿಂಗಳುಗಳಲ್ಲಿ ಜ್ವರ ಅಂತ ಹೋದರೆ ಥರ್ಮಾಮೀಟರಿಗಿಂತ ಮೊದಲು ಪ್ರಶ್ನೆ ಬರುತ್ತದೆ. "ಸೊಪ್ಪಿನ ಬೆಟ್ಟಕ್ಕೆ ಹೋಗಿದ್ಯೇನೋ ಮಾರಾಯ? ಯಾವ ಕಡೆ? ಮಂಗ ಸತ್ತಿದ್ದು ಕಂಡ್ಯಾ? ವಾಸನೆ ಏನಾದ್ರೂ ಬಂತಾ?"

ಆಮೇಲೆ ಟಾರ್ಚ್ ತಗೊಂಡು ಕಿವಿಯ ಹಿಂದೆ, ಕಂಕುಳಲ್ಲಿ, ಮಂಡಿಯ ಹಿಂದಿನ ಮಡಿಕೆಯಲ್ಲಿ ಹುಡುಕುತ್ತಾರೆ. ಮರಿ ಉಣುಗು ಎಳ್ಳುಕಾಳಿಗಿಂತ ಸಣ್ಣದು, ಕಚ್ಚಿದ್ದೇ ಗೊತ್ತಾಗುವುದಿಲ್ಲ. ನನ್ನ ಚಿಕ್ಕಪ್ಪನಿಗೆ ಅದು ಸಿಕ್ಕಿದ್ದು ಉಡಿದಾರದ ಕೆಳಗೆ. ಡಾಕ್ಟರು ಚಿಮಟವನ್ನು ಚರ್ಮಕ್ಕೆ ತಾಗಿಸಿ ಹಿಡಿದು, ತಿರುಚದೆ, ನಿಧಾನಕ್ಕೆ ನೇರ ಮೇಲಕ್ಕೆ ಎಳೆದರು. ಬೀಡಿ ಬೆಂಕಿ ಮುಟ್ಟಿಸಿದರೆ ಬಿಡುತ್ತದೆ ಅಂತ ಚಿಕ್ಕಪ್ಪ ಹೇಳಲು ಹೋಗಿ ಸರಿಯಾಗಿ ಬೈಸಿಕೊಂಡರು. ಜ್ವರಕ್ಕೆ ಪ್ಯಾರಾಸಿಟಮಾಲ್ ಬಿಟ್ಟು ಬೇರೆ ಏನೂ ಮುಟ್ಟುವ ಹಾಗಿಲ್ಲ. ಆಸ್ಪಿರಿನ್, ಬ್ರುಫೆನ್ ನುಂಗಿದರೆ ಈ ಕಾಯಿಲೆಯಲ್ಲಿ ರಕ್ತಸ್ರಾವ ಜಾಸ್ತಿಯಾಗುವ ಭಯ. ಸರ್ಕಾರಿ ಆಸ್ಪತ್ರೆಗೆ ಚೀಟಿ ಬರೆದು, ರಕ್ತದ ಸ್ಯಾಂಪಲ್ ಕೊಡಿಸಿದರು. ಜ್ವರ ಬಿಟ್ಟ ಮೇಲೂ ಡಾಕ್ಟರು ಸುಮ್ಮನೆ ಬಿಡಲಿಲ್ಲ. ಒಂದೆರಡು ವಾರದಲ್ಲಿ ಮತ್ತೆ ಮರುಕಳಿಸಿ ತಲೆಗೆ ಏರುವುದುಂಟಂತೆ, ಹಾಗಾಗಿ ಚಿಕ್ಕಮ್ಮನಿಗೆ ಫೋನ್ ಮಾಡಿ "ಮಾತು ತೊದಲ್ತಿದೆಯಾ? ಕೈ ನಡುಗ್ತಿದೆಯಾ?" ಅಂತ ಕೇಳುತ್ತಲೇ ಇದ್ದರು.

2019ರಲ್ಲಿ ಅರಳಗೋಡಿನ ಕಡೆ ಈ ಕಾಯಿಲೆಗೆ ಜನ ಸತ್ತಾಗ ಇಡೀ ತಾಲೂಕು ಹೆದರಿತ್ತು. ಡಾಕ್ಟರು ಕ್ಲಿನಿಕ್ ಮುಚ್ಚಿದ ಮೇಲೆ ಸಂಜೆ ಹೊತ್ತು ಹಾಲಿನ ಡೈರಿ ಹತ್ತಿರ ನಿಂತು, ಉಣುಗು ಹತ್ತದ ಹಾಗೆ ಮೈಗೆ ಹಚ್ಚುವ ಡೇಪಾ ಎಣ್ಣೆ ಹಚ್ಚಿಕೊಳ್ಳದೆ ಬೆಟ್ಟ ಹತ್ತಬೇಡಿ, ಬಂದ ಕೂಡಲೇ ಬಟ್ಟೆ ಬಿಸಿನೀರಿಗೆ ಹಾಕಿ, ಸ್ನಾನ ಮಾಡಿ ಅಂತ ಹೇಳಿದ್ದನ್ನೇ ಹೇಳುತ್ತಿದ್ದರು. 2022ರಲ್ಲಿ ಹಳೇ ಲಸಿಕೆಯೂ ನಿಂತಿತು. ಈಗ ಆ ಎಣ್ಣೆಯೇ ಗತಿ.

ಇನ್ನೊಂದು ಪರೀಕ್ಷೆಯನ್ನು ಕವಳ (ಎಲೆ ಅಡಿಕೆ) ಹಾಕುವವರು ಯಾರೂ ತಪ್ಪಿಸಿಕೊಳ್ಳಲಾರರು. ಮೂರು ಬೆರಳು ಜೋಡಿಸಿ, ಉದ್ದಕ್ಕೆ ನಿಲ್ಲಿಸಿ ಬಾಯೊಳಗೆ ಹಿಡಿಸಬೇಕು. ಹಿಡಿಸದಿದ್ದರೆ ಕೆನ್ನೆಯ ಒಳಭಾಗ ಬಿಗಿಯುತ್ತಿದೆ ಅಂತ ಲೆಕ್ಕ. ನಾವೆಲ್ಲ ಅಡಿಕೆ ಬೆಳೆಗಾರರು, ಡಾಕ್ಟರಿಗೂ ಅರ್ಧ ಎಕರೆ ತೋಟ ಇದೆ. ಆದರೂ ಹೊಗೆಸೊಪ್ಪು ಸೇರಿಸದಿದ್ದರೂ ಅಡಿಕೆಯಿಂದಲೇ ಕ್ಯಾನ್ಸರ್ ಬರಬಹುದು ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ ಹೇಳಿದ್ದನ್ನು ಮುಚ್ಚುಮರೆ ಇಲ್ಲದೆ ಹೇಳುತ್ತಾರೆ. "ಮಾರೋಕೆ ಬೆಳೀರಿ, ಅಗಿಯೋಕಲ್ಲ." ಈ ಮಾತಿಗೆ ಕೆಲವರು ಮುನಿಸಿಕೊಂಡು ಬೇರೆ ಕಡೆ ಹೋಗಿದ್ದೂ ಇದೆ.

ತಮ್ಮ ಕೈಯಲ್ಲಿ ಆಗುವುದಿಲ್ಲ ಅನಿಸಿದರೆ ಒಂದು ನಿಮಿಷವೂ ಇಟ್ಟುಕೊಳ್ಳುವುದಿಲ್ಲ. ಮಾವನಿಗೆ ಎದೆ ಉರಿ, ಗ್ಯಾಸ್ ಇರಬೇಕು ಅಂತ ಕರೆದುಕೊಂಡು ಹೋಗಿದ್ದೆವು. ಮೈ ಬೆವರಿದ್ದು ನೋಡಿ ನೇರ ಇಸಿಜಿಗೆ ಮಲಗಿಸಿದರು. ಚಿಕ್ಕಪ್ಪನಿಗೆ ಮುಟ್ಟಬೇಡ ಅಂದಿದ್ದ ಅದೇ ಆಸ್ಪಿರಿನ್ ಮಾತ್ರೆಯನ್ನು ಇವರಿಗೆ ಅಗಿದು ನುಂಗಲು ಕೊಟ್ಟರು. ಪಟ್ಟಿಯ ಫೋಟೋ ತೆಗೆದು ಶಿವಮೊಗ್ಗದ ಹೃದಯದ ಡಾಕ್ಟರಿಗೆ ಕಳಿಸಿ, 108ಕ್ಕೆ ಫೋನ್ ಮಾಡಿಯೂ ಆಯ್ತು. ನಾವು ಆಸ್ಪತ್ರೆ ಮುಟ್ಟುವಷ್ಟರಲ್ಲಿ ಅಲ್ಲಿ ಸ್ಟ್ರೆಚರ್ ಬಾಗಿಲಲ್ಲೇ ಇತ್ತು. ಕೋವಿಡ್ ಸಮಯದಲ್ಲೂ ಹೀಗೇ. ತಮ್ಮ ದುಡ್ಡಿನಲ್ಲಿ ತಂದ ಆಕ್ಸಿಮೀಟರುಗಳನ್ನು ಮನೆಮನೆಗೆ ಸರದಿ ಮೇಲೆ ಕೊಟ್ಟು, 94ಕ್ಕಿಂತ ಕೆಳಗೆ ಇಳಿದರೆ ರಾತ್ರಿಯಾದರೂ ಫೋನ್ ಮಾಡಿ ಅಂದಿದ್ದರು.

ಇನ್ನು ತಕರಾರು. ಟೋಕನ್ ಇಲ್ಲ, ಫೋನಿನಲ್ಲಿ ನಂಬರ್ ಹಚ್ಚುವ ವ್ಯವಸ್ಥೆ ಇಲ್ಲ. ಉಸಿರು ಕಟ್ಟಿದವರು ಬಂದರೆ ನಮ್ಮ ಸರದಿ ಹಿಂದೆ ಹೋಗುತ್ತದೆ, ಅದು ಸರಿ. ಆದರೆ ಅಡಿಕೆ ರೇಟು ಮಾತಾಡಲು ಬಂದವರೂ ಒಳಗೆ ನುಗ್ಗುತ್ತಾರಲ್ಲ, ಅದು ಸಿಟ್ಟು ಬರಿಸುತ್ತದೆ. ಬಿಲ್ಲು ಕೇಳಿದರೆ ಹಳೇ ಲೆಟರ್‌ಹೆಡ್ ಹುಡುಕಬೇಕು. ಇನ್ಶೂರೆನ್ಸ್ ಕ್ಲೇಮ್ ಮಾಡುವವರಿಗೆ ಇದು ದೊಡ್ಡ ತಲೆನೋವು. ಬೈಗುಳ ಬೇರೆ ಫ್ರೀ.

ನನಗೆ ನಿಜವಾಗಿ ಚಿಂತೆ ಇರುವುದು ಬೇರೆ. ಅಮ್ಮನಿಗೆ ಸಲ್ಫಾ ಮಾತ್ರೆ ಆಗುವುದಿಲ್ಲ, ತಂಗಿಗೆ ಚಿಕ್ಕವಳಿದ್ದಾಗ ಫಿಟ್ಸ್ ಬಂದಿತ್ತು, ಅಜ್ಜನಿಗೆ ಟಿಬಿ ಆಗಿತ್ತು, ಇದೆಲ್ಲ ಡಾಕ್ಟರ ತಲೆಯಲ್ಲಿ ಮಾತ್ರ ಇದೆ. ಕಂಪ್ಯೂಟರ್ ಬಿಡಿ, ಒಂದು ಫೈಲೂ ಇಲ್ಲ. ಒಮ್ಮೆ ಅವರು ಮದುವೆಗೆ ಅಂತ ಊರಿನಲ್ಲಿ ಇರಲಿಲ್ಲ. ಬೇರೊಂದು ಕಡೆ ತೋರಿಸಿದಾಗ ಅಮ್ಮನಿಗೆ ಸಲ್ಫಾ ಮಾತ್ರೆಯನ್ನೇ ಬರೆದುಕೊಟ್ಟರು. ಮೆಡಿಕಲ್ ಶಾಪಿನವನಿಗೆ ನೆನಪಿತ್ತು, ಬಚಾವ್. ಡಾಕ್ಟರಿಗೆ ಎಪ್ಪತ್ತು ದಾಟಿದೆ. ಮಗಳೂ ಡಾಕ್ಟರೇ, ಆದರೆ ಬೆಂಗಳೂರಿನಲ್ಲಿ. ಬಾ ಅಂತ ಹೇಳುವ ಹಕ್ಕು ನಮಗೂ ಇಲ್ಲ, ಅಲ್ವಾ? ಒಬ್ಬರೇ ಮನುಷ್ಯರ ಮೇಲೆ ಇಡೀ ಪೇಟೆಯ ಆರೋಗ್ಯ ನಿಂತಿದೆ ಅನ್ನುವುದನ್ನು ಎಲ್ಲರೂ ಹೊಗಳಿಕೆಯ ಹಾಗೆ ಹೇಳುತ್ತಾರೆ. ನನಗೆ ಅದು ದೂರಿನ ಹಾಗೆ ಕೇಳಿಸುತ್ತದೆ. ಅದಕ್ಕೇ 5ಕ್ಕೆ 4.

ಹೊಸದಾಗಿ ಹೋಗುವವರು ಸಂತೆ ದಿನ ಬಿಟ್ಟು ಹೋಗಿ. ತಿನ್ನುತ್ತಿರುವ ಮಾತ್ರೆಗಳ ಶೀಟುಗಳನ್ನು ಕತ್ತರಿಸದೆ ಹಾಗೇ ತಗೊಂಡು ಹೋಗಿ. 200 ಪುಟದ ಒಂದು ನೋಟ್‌ಬುಕ್ಕೂ ಜೊತೆಗಿರಲಿ. ಹಳೇ ಕಾಯಿಲೆ, ಆಗದ ಮಾತ್ರೆ ಎಲ್ಲ ಇದರಲ್ಲಿ ಬರೆದುಕೊಡಿ ಅಂತ ಮುಂದೆ ಇಟ್ಟು ಕೇಳಿದರೆ ಗೊಣಗುತ್ತಾರೆ, ಆದರೆ ಬರೆಯುತ್ತಾರೆ.